ಅಮಾವಾಸ್ಯೆಗೆ ಬಾಯಿ ತೆರೆಯುವ ಗುಹೆ

ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿ ಮಗುಚಬಹುದಿತ್ತು. ಮಗುಚದಿದ್ದರೆ ಬಂಡೆಗೆ ತಾಗಿ ಬಿರುಕು ಬಿಡಬಹುದಿತ್ತು. ಗುಹೆಯೊಳಗೆ ಹೋದ ಮೇಲೆ ನೀರು ಏರಿ ಬಾಗಿಲು ಮುಚ್ಚಿಕೊಳ್ಳಬಹುದಿತ್ತು. ಹನ್ನೆರಡು ಜನರಲ್ಲಿ ಐವರಿಗೆ ಬಿಪಿ, ನಾಲ್ವರಿಗೆ ಶುಗರ್, ಇಬ್ಬರಿಗೆ ಎರಡೂ ಇದ್ದವು. ಅವೆಲ್ಲ ಒಟ್ಟಿಗೆ ಏರಬಹುದಿತ್ತು, ಇಲ್ಲವೇ ಒಟ್ಟಿಗೆ ಇಳಿಯಬಹುದಿತ್ತು. ಯಾರಾದರೂ ಸೆಲ್ಫಿಗೆಂದು ಎದ್ದು ನಿಲ್ಲಬಹುದಿತ್ತು. ಲೋಳೆಮೀನು ಕುಟುಕಬಹುದಿತ್ತು. ಬೆಳಿಗ್ಗೆ ತಿಂದ ಉಪ್ಪಿಟ್ಟು ವಾಪಸ್ಸು ಬರಬಹುದಿತ್ತು, ಅದೂ ಎದುರಿಗೆ ಕೂತವರ ಮೇಲೆ. ದೋಣಿಯವನಿಗೆ ಆ ದಿನವೇ ವೈರಾಗ್ಯ ಬರಬಹುದಿತ್ತು.

ಇದು ಗುಹೆಗೆ ಹೋಗುವ ಹಿಂದಿನ ರಾತ್ರಿ ನಾನು ಬರೆದಿಟ್ಟ ಪಟ್ಟಿಯ ಸಂಕ್ಷೇಪ. ಮೂಲ ಮೂರು ಪುಟ ಇತ್ತು. ಜಯನಗರದ ಒಂದು ಟ್ರಾವೆಲ್ಸ್‌ನಲ್ಲಿ ಇಪ್ಪತ್ತೆಂಟು ವರ್ಷ ಟೂರ್ ಮ್ಯಾನೇಜರ್ ಆಗಿದ್ದೆ. ಐವತ್ತೈದಕ್ಕೆ ಸ್ವಇಚ್ಛೆಯಿಂದ ನಿವೃತ್ತನಾದೆ. ಇಚ್ಛೆ ನನ್ನದಲ್ಲ, ನನ್ನ ಮೊಣಕಾಲುಗಳದ್ದು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದುಂಟು: 'ಸಾರ್, ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?' ಧೈರ್ಯ, ಭಾಷೆ, ನಗುಮುಖ ಎಂದೆಲ್ಲ ತರಬೇತಿಯಲ್ಲಿ ಹೇಳುತ್ತಾರೆ. ನಂಬಬೇಡಿ. ಬೇಕಾದದ್ದು ಭಯ. ಉಳಿದವರು ಕಿಟಕಿಯಿಂದ ಜಲಪಾತ ನೋಡುವಾಗ ನೀವು ಡ್ರೈವರ್ ಆಕಳಿಸಿದ್ದು ಎಷ್ಟನೇ ಸಲ ಎಂದು ಎಣಿಸುತ್ತಿರಬೇಕು. ಹೆದರಿಕೊಳ್ಳುವುದಕ್ಕೇ ಸಂಬಳ ಕೊಡುವ ಉದ್ಯೋಗ ಲೋಕದಲ್ಲಿ ಇನ್ನೊಂದಿಲ್ಲ. ನನಗೆ ಅದು ಹುಟ್ಟಿನಿಂದಲೇ ಬಂದ ವಿದ್ಯೆ. ಹಾಗಾಗಿ ಆ ಕೆಲಸವನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆ ಎಂದರೆ, ಅದು ತಪ್ಪಿಹೋದೀತು ಎಂದೂ ಸದಾ ಹೆದರುತ್ತಿದ್ದೆ.

ತಪ್ಪಿಹೋಗುವ ಸಂದರ್ಭವೂ ಬಂತು. ತಂದದ್ದು ಒಂದು ಗುಹೆ.

ನಮ್ಮ ಮಾಲೀಕರು ಮೂರ್ತಿ ಸಾರ್. ನಾಲ್ಕನೇ ಬ್ಲಾಕಿನ ಆಫೀಸಿನ ತಮ್ಮ ಕುರ್ಚಿಯಿಂದ ಏಳದೆ ಇಡೀ ಭಾರತ ಸುತ್ತಿದವರು. ಒಂದು ದಿನ ಯಾರೋ ಕಳಿಸಿದ ವಿಡಿಯೋ ನೋಡಿ ಅವರಿಗೆ ಜ್ಞಾನೋದಯವಾಯಿತು. ಉತ್ತರ ಕನ್ನಡದ ಕರಾವಳಿಯಲ್ಲಿ, ಬಂಡೆಗಳ ಸಾಲಿನ ಕೊನೆಯಲ್ಲಿ, ಸಮುದ್ರವೇ ಕೊರೆದ ಒಂದು ಗುಹೆ. ಸಣ್ಣ ದೋಣಿಯಲ್ಲಿ ಒಳಗೆ ಹೋಗಿ ಬರಬಹುದು.

'ರೀ, ಜನಕ್ಕೆ ಬೀಚ್ ಬೋರಾಗಿದೆ. ಇನ್ಮೇಲೆ ಎಕ್ಸ್‌ಪೀರಿಯೆನ್ಸ್ ಕೊಡ್ಬೇಕು. ಗುಹೆ ಹಾಕಿ ಐಟಿನರಿಗೆ.'

'ಸಾರ್, ಮೋಟಾರ್ ಬೋಟು ಇದ್ಯಾ ಅಲ್ಲಿ?'

'ಮೋಟಾರ್ ಬೋಟು ಒಳಗೆ ಹೋಗಲ್ವಂತೆ ಕಣ್ರೀ. ಟ್ರೆಡಿಷನಲ್ ಬೋಟು. ಅದೇ ಎಕ್ಸ್‌ಪೀರಿಯೆನ್ಸ್.'

ಆ ಟ್ರೆಡಿಷನಲ್ ಬೋಟಿಗೆ ಅಲ್ಲಿಯವರು ಪಾತಿ ಎನ್ನುತ್ತಾರೆ. ಮರ ಕೊರೆದು ಮಾಡಿದ ಕಿರಿದಾದ ದೋಣಿ. ಒಂದು ಪಕ್ಕಕ್ಕೆ ಎರಡು ಕೋಲು ಚಾಚಿ, ಅವುಗಳ ತುದಿಗೆ ಒಂದು ಹಗುರ ಮರದ ತುಂಡು ಕಟ್ಟಿರುತ್ತಾರೆ. ಅದು ನೀರಿನ ಮೇಲೆ ಒರಗಿಕೊಂಡು ದೋಣಿ ಮಗುಚದಂತೆ ಕಾಯುತ್ತದೆ. ಹುಟ್ಟು ಹಾಕುವವರು ಇಬ್ಬರು, ಕೂರುವವರು ನಾಲ್ಕೈದು ಜನ, ಒಬ್ಬರ ಹಿಂದೆ ಒಬ್ಬರು. ನೋಡಿದ ಕೂಡಲೇ ನನಗೆ ನಮ್ಮ ಮನೆಯ ಇಡ್ಲಿ ಹಿಟ್ಟು ರುಬ್ಬುವ ಕಲ್ಲು ಇದಕ್ಕಿಂತ ಸುರಕ್ಷಿತ ವಾಹನ ಅನ್ನಿಸಿತು.

ದೋಣಿಗಳ ಯಜಮಾನ ಹಮ್ಮಣ್ಣ. ಅರವತ್ತರ ಹತ್ತಿರದ ಮೀನುಗಾರ, ಮಾತು ಕಡಿಮೆ. ಅವನ ಮುಂದೆ ನನ್ನ ಮೊದಲ ಮಹಾಪ್ರಮಾದ ನಡೆದದ್ದು ಮೊದಲ ಟ್ರಿಪ್ಪಿನಲ್ಲೇ.

ಬೆಂಗಳೂರಿನ ಪ್ಯಾಕೇಜ್ ಟೂರ್‌ಗಳಲ್ಲಿ ಒಂದು ಪದ್ಧತಿ ಇದೆ, ಸೀಟ್ ರೊಟೇಷನ್. ದಿನಾ ಒಂದೇ ಕುಟುಂಬ ಮುಂದಿನ ಸೀಟಿನಲ್ಲಿ ಕೂತರೆ ಹಿಂದಿನವರು ಸುಮ್ಮನಿರುವುದಿಲ್ಲ. ಆದ್ದರಿಂದ ಪ್ರತಿದಿನ ಎಲ್ಲರೂ ಎರಡು ಸಾಲು ಮುಂದೆ, ಮುಂದಿನವರು ಕೊನೆಗೆ. ಇದು ನಮ್ಮ ಸಂವಿಧಾನ. ಮ್ಯಾನೇಜರ್ ಸೀಟಿ ಊದುತ್ತಾನೆ, ಜನ ಎದ್ದು ಬದಲಾಯಿಸುತ್ತಾರೆ. ಆ ದಿನ ಪಾತಿ ದಡ ಬಿಟ್ಟು ಕಾಲು ಗಂಟೆಯಾಗಿತ್ತು. ಬನಶಂಕರಿಯ ನಿವೃತ್ತ ಅಧಿಕಾರಿಯೊಬ್ಬರು ಕೊನೆಯಲ್ಲಿ ಕೂತು, 'ಮ್ಯಾನೇಜರ್, ನಮಗೆ ಬರೀ ಬೆನ್ನೇ ಕಾಣ್ತಿದೆ. ರೊಟೇಷನ್ ಇಲ್ವಾ ಇಲ್ಲಿ?' ಎಂದರು. ಇಪ್ಪತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಜೇಬಿಗೆ ಹೋಯಿತು. ಸೀಟಿ ಊದಿದೆ. 'ರೊಟೇಷನ್ ಪ್ಲೀಸ್!' ಎಂದೆ.

ಶಿಸ್ತಿನ ಜನ. ನಾಲ್ವರೂ ಒಟ್ಟಿಗೆ ಎದ್ದರು.

ಪಕ್ಕದ ಮರದ ತುಂಡು ನೀರಿನಿಂದ ಮೇಲೆದ್ದು ಗಾಳಿಯಲ್ಲಿ ತೊಟ್ಟಿಕ್ಕುತ್ತ ನಿಂತಿತು. 'ಕೂತ್ಕಳ್ರಿ!' ಎಂದು ಹಮ್ಮಣ್ಣ ಕೂಗಿದ. ಆ ಒಂದು ಮಾತಿನಲ್ಲಿ ಏನಿತ್ತೋ, ನಾಲ್ವರೂ ಮಕ್ಕಳ ಹಾಗೆ ಕುಕ್ಕರಿಸಿದರು. ದೋಣಿ ಎರಡು ಬೊಗಸೆ ನೀರು ಕುಡಿದು ಸರಿಹೋಯಿತು. ಹಮ್ಮಣ್ಣ ದೋಣಿ ತಿರುಗಿಸಿದ. ದಡಕ್ಕೆ ಬಂದ ಮೇಲೆ ನನ್ನ ಮುಂದೆ ಕೈ ಚಾಚಿದ.

'ಎಂತ?' ಎಂದೆ, ಅವನ ಭಾಷೆಯಲ್ಲಿ.

'ಆ ಪೀಪಿ ಕೊಡ್ರಿ ವಡ್ಯಾ. ಸಮುದ್ರಕ್ಕೆ ಅದ್ರ ಭಾಷೆ ಬರೂದಿಲ್ಲ.'

ಕೊಟ್ಟೆ. ನಂತರ ಅದು ಅವನ ಮೊಮ್ಮಗಳ ಕೊರಳಲ್ಲಿ ನೇತಾಡುತ್ತಿರುವುದನ್ನು ನೋಡಿದೆ.

ಎರಡನೇ ಟ್ರಿಪ್ಪಿಗೆ ನಾನು ಸೀಟಿ ಇಲ್ಲದೆ, ಪೂರ್ಣ ತಯಾರಿಯೊಂದಿಗೆ ಹೋದೆ. ದಿನವನ್ನು ಸ್ವತಃ ಮೂರ್ತಿ ಸಾರ್ ಗೊತ್ತುಮಾಡಿದ್ದರು. ನಮ್ಮ ಕಡೆಯ ಗಿರಾಕಿಗಳಿಗೆ ದಿನ ಮುಖ್ಯ. ಗುಹೆ ಆಮೇಲೆ. ಪಂಚಾಂಗ ನೋಡಿ, ಅಮಾವಾಸ್ಯೆಯ ಸುತ್ತಮುತ್ತ ತಪ್ಪಿಸಿ, ಷಷ್ಠಿಯ ಸಂಜೆ ಹೊರಟು, ಅಷ್ಟಮಿಯ ಬೆಳಿಗ್ಗೆ ಗುಹೆ. ಬಂಡೆಗಳ ಪಕ್ಕದಲ್ಲೇ ಸಾಗಿದೆವು. ಕಪ್ಪು ಬಂಡೆ, ಅದರ ಮೇಲೆ ಬಿಳಿ ಚಿಪ್ಪುಗಳ ಪಟ್ಟಿ, ಏಡಿಗಳು ನಮ್ಮನ್ನು ನೋಡಿ ಸಾಲ ಕೊಟ್ಟವನನ್ನು ಕಂಡವರ ಹಾಗೆ ಸಂದಿಗಳಿಗೆ ಓಡುತ್ತಿದ್ದವು. ಗುಹೆ ಬಂತು. ಅಂದರೆ ಗುಹೆ ಇದೆ ಎಂದು ಹಮ್ಮಣ್ಣ ತೋರಿಸಿದ ಜಾಗ ಬಂತು. ನೀರಿಗೂ ಬಂಡೆಗೂ ನಡುವೆ ಒಂದು ಕಪ್ಪು ಗೆರೆ ಕಂಡಿತು, ಅಷ್ಟೇ. ಅಲೆ ಬಂದಾಗ ಅದೂ ಇಲ್ಲ.

'ಎಲ್ರೀ ಸರ ಗುಹಾ?' ಎಂದ ಬಸವರಾಜ. ಗದಗದ ಕಡೆಯ ಹುಡುಗ, ಬಿಟಿಎಂನಲ್ಲಿ ಬಾಡಿಗೆ ಮನೆ, ಒಂದು ಆಫೀಸಿನಲ್ಲಿ ಕೆಲಸ. ಸಮುದ್ರವನ್ನೇ ಅವನು ಮೊದಲ ಸಲ ನೋಡುತ್ತಿದ್ದದ್ದು.

'ಒಳಗಿದೆ' ಎಂದೆ.

'ಗುಹಾ ಒಳಗ ಐತಿ ಅಂತ ನಂಗೂ ಗೊತ್ತೈತ್ರಿ. ನಾವ್ ಹೊರಗ ಅದೀವಲ್ರಿ.'

ಹಮ್ಮಣ್ಣನನ್ನು ನೋಡಿದೆ. ಅವನು ಆಕಾಶ ನೋಡುತ್ತಿದ್ದ. 'ಇವತ್ತು ಅಷ್ಟಮಿ ಅಲ್ದಾ ವಡ್ಯಾ. ಅಷ್ಟಮಿಗೆ ನೀರು ಸರಿಯಾಗಿ ಏರೂದೂ ಇಲ್ಲ, ಇಳಿಯೂದೂ ಇಲ್ಲ. ಸೋಮಾರಿ ನೀರು. ಅಮಾಸಿ, ಹುಣ್ಣಿಮಿ ಕಳ್ದು ಎರಡ್ನೇ ದಿನ ಬೆಳಿಗ್ಗೆ ಬಂದ್ರೆ ನೀರು ಪೂರಾ ಕೆಳಗೆ ಹೋಗ್ತದೆ. ಆಗ ಬಾಯಿ ತೆರೀತದೆ.'

'ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಹಮ್ಮಣ್ಣ?'

'ನೀವು ಬೆಂಗಳೂರವ್ರು. ಪಂಚಾಂಗ ನೋಡ್ಕಂಡು ಬತ್ರಿ ಅಂದ್ಕಂಡಿದ್ದೆ.'

ನೋಡಿಕೊಂಡೇ ಬಂದಿದ್ದೆವು. ಅದೇ ತೊಂದರೆ. ಅವನ ಮನೆಯ ಗೋಡೆಯಲ್ಲೂ ಪಂಚಾಂಗ, ನಮ್ಮ ಆಫೀಸಿನ ಗೋಡೆಯಲ್ಲೂ ಪಂಚಾಂಗ. ಅವನು ಸಮುದ್ರ ಯಾವಾಗ ದಾರಿ ಬಿಡುತ್ತದೆ ಎಂದು ನೋಡುತ್ತಿದ್ದ, ನಾವು ಗ್ರಹಗಳು ಯಾವಾಗ ದಾರಿ ಬಿಡುತ್ತವೆ ಎಂದು. ಗ್ರಹಗಳೇನೋ ಬಿಟ್ಟಿದ್ದವು.

ವಾಪಸ್ಸು ಬಂದ ಮೇಲೆ ಮೂರ್ತಿ ಸಾರ್ ನನ್ನನ್ನು ಕರೆದರು. ಗಿರಾಕಿಗಳು ಗುಹೆಯ ಹೊರಗಿನ ಗೋಡೆಯ ಫೋಟೋಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಕೈಮುಗಿಯುವ ಚಿತ್ರ ಇಟ್ಟಿದ್ದರು. ನಾನು ಕೆಲಸಕ್ಕೆ ಸೇರಿದಾಗ ದೂರು ಅಂಚೆಯಲ್ಲಿ ಬರುತ್ತಿತ್ತು, ಓದುವಷ್ಟರಲ್ಲಿ ಬರೆದವರ ಕೋಪ ಆರಿರುತ್ತಿತ್ತು. ಈಗ ಬಸ್ಸು ಊರು ಮುಟ್ಟುವ ಮೊದಲೇ ದೂರು ಮುಟ್ಟುತ್ತದೆ.

'ರೀ, ಇನ್ನೊಂದೇ ಚಾನ್ಸು. ಈ ಸೀಸನ್‌ನ ಕೊನೇ ಟ್ರಿಪ್ಪು. ಜನ ಗುಹೆ ಒಳಗೆ ಹೋಗ್ಲಿಲ್ಲ ಅಂದ್ರೆ ಐಟಂ ಕಟ್. ನೀವೂ ಫೀಲ್ಡಿಂದ ಕಟ್. ಕೌಂಟರಲ್ಲಿ ಕೂತ್ಕೊಂಡು ಟಿಕೆಟ್ ಪ್ರಿಂಟ್ ತೆಗೀರಿ.'

ನೀವು ಕೇಳಬಹುದು, ಹೆದರುವವನಿಗೆ ಕೌಂಟರ್ ಒಳ್ಳೆಯದಲ್ಲವೇ ಎಂದು. ನಮ್ಮ ಮನೆಯವಳೂ ಅದನ್ನೇ ಕೇಳಿದಳು. ಅಲ್ಲ. ಕೌಂಟರಿನಲ್ಲಿ ಕೂತವನು ಏನಕ್ಕೆ ಹೆದರಬೇಕು? ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಹಾಕಿಕೊಳ್ಳುವುದಕ್ಕೆ. ನಲವತ್ತು ಜನರ ಜೀವಕ್ಕೆ ಹೆದರಿ ಅಭ್ಯಾಸವಾದವನಿಗೆ ಅದೊಂದು ಅವಮಾನ.

ಹಾಗಾಗಿ ಈ ಸಲ ಅಮಾವಾಸ್ಯೆಯ ಸಂಜೆಯೇ ಹೊರಡಬೇಕಿತ್ತು. ಮರುದಿನ ಬೆಳಿಗ್ಗೆ ಊರು, ಅದರ ಮರುದಿನ ಬಿದಿಗೆಯ ಬೆಳಿಗ್ಗೆ ಗುಹೆ. ಹುಣ್ಣಿಮೆಗೆ ಹೋಗೋಣವೆಂದರೆ ಬೆಳದಿಂಗಳು ನೋಡುವವರು ಅಲ್ಲಿನ ರೂಮುಗಳನ್ನೆಲ್ಲ ತಿಂಗಳುಗಳ ಮೊದಲೇ ಹಿಡಿದಿದ್ದರು. ಆಮೇಲೆ ಬೇಸಿಗೆ, ಅಲೆ ಏಳುತ್ತದೆ. ಉಳಿದದ್ದು ಅಮಾವಾಸ್ಯೆ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬರು, 'ಅಮಾವಾಸ್ಯೆ ದಿನ ನಾನು ಹಾಲು ತರೋಕೂ ಆಚೆ ಹೋಗಲ್ಲ' ಎಂದರು. ಇನ್ನೊಬ್ಬರು, 'ಮನೇಲಿ ಕೇಳಿ ಹೇಳ್ತೀನಿ' ಎಂದು ಫೋನಿಟ್ಟರು. ಈ ಮಾತಿನ ಅರ್ಥ ಹೊಸಬರಿಗೆ ಗೊತ್ತಿರಲಿ: ಮನೆಯಲ್ಲಿ ಅವರೊಬ್ಬರೇ ಇರುವುದು. ಬರುತ್ತೇನೆ ಎಂದವನು ಬಸವರಾಜ ಒಬ್ಬನೇ. 'ಹ್ವಾದ ಸಲ ಬಾಗ್ಲಾ ನೋಡೇನ್ರಿ ಸರ. ಈ ಸಲ ಪಡಸಾಲಿ ನೋಡೇ ಬರಾಂವ.'

ಕೊನೆಗೆ ಕತ್ರಿಗುಪ್ಪೆಯ ಪುಟ್ಟತಾಯಮ್ಮನವರ ಮನೆಗೆ ಹೋದೆ. ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗಿನ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ಎಪ್ಪತ್ತು ದಾಟಿದ ಆಕೆ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ ಹತ್ತು ಹನ್ನೊಂದು ಜನರ ಗುಂಪಿಗೆ ನಾಯಕಿ. ಆಕೆ ಹೂಂ ಅಂದರೆ ಗುಂಪು ಹೂಂ. ನಾನು ಸಮುದ್ರ, ಚಂದ್ರ, ಆಕರ್ಷಣೆ ಎಂದೆಲ್ಲ ವಿವರಿಸಿದೆ. ಆಕೆ ಅವರೆಕಾಯಿ ಸುಲಿಯುತ್ತ ಕೇಳಿದರು.

'ಅಮಾಸೆ ದಿನ ಹೊಸ್ಲು ದಾಟಬಾರ್ದು, ಅಷ್ಟೇ ತಾನೆ ನಿನ್ ಕಷ್ಟ?'

'ಹೌದಮ್ಮ.'

'ಅದಕ್ಯಾಕಪ್ಪ ಚಂದ್ರನ್ ತಂಕ ಹೋಗ್ತೀಯ? ಪರಸ್ತಾನ ಇಟ್ರಾಯ್ತು. ಊರೂರು ಸುತ್ತಿಸ್ತೀಯ, ಇಷ್ಟೂ ಗೊತ್ತಿಲ್ವಾ ನಿಂಗೆ?'

ಪ್ರಸ್ಥಾನ ಎಂದರೆ ಇಷ್ಟೇ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ ಸಣ್ಣದೊಂದು ಗಂಟು ಕಟ್ಟಿ ಬೇರೊಬ್ಬರ ಮನೆಯಲ್ಲಿ ಇಟ್ಟುಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪಯಣ ಶುರುವಾಯಿತು. ಆಮೇಲೆ ನೀವು ಯಾವ ದಿನ ಹೊರಟರೂ ಅದು ಹೊರಡುವುದಲ್ಲ, ಮುಂದುವರಿಯುವುದು. ನಮ್ಮ ಹಿರಿಯರು ಶಾಸ್ತ್ರ ಬರೆದವರು ಮಾತ್ರವಲ್ಲ, ಅದರಲ್ಲಿ ಹಿಂಬಾಗಿಲು ಇಟ್ಟವರೂ ಹೌದು.

'ಎಲ್ಲಿ ಇಡೋದಮ್ಮ?'

'ನಿಮ್ಮಾಫೀಸ್ ಇಲ್ವಾ? ಮಂಗಳವಾರ ಬಿಟ್ಟು ಬುಧವಾರ ತಂದಿಡ್ತೀವಿ.'

ಬುಧವಾರ ಹತ್ತೂವರೆಯೊಳಗೆ ಜಯನಗರದ ಆಫೀಸಿನಲ್ಲಿ ಹನ್ನೊಂದು ಗಂಟು. ಅಕ್ಕಿ, ವೀಳ್ಯದೆಲೆ, ಒಂದೊಂದು ಸೀರೆ ಅಥವಾ ಪಂಚೆ. ಬಸವರಾಜನೂ ಮಧ್ಯಾಹ್ನ ಬಂದು ಒಂದು ಗಂಟು ಇಟ್ಟ. ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಶಾಸ್ತ್ರಕ್ಕೆ ಯಾವುದಾದರೂ ಆದೀತು ಎಂದು ಅವನ ವಾದ. ಒಬ್ಬ ಆಂಟಿ ಎರಡು ಸಲ ಫೋನ್ ಮಾಡಿ ತಮ್ಮ ಗಂಟು ಪೂರ್ವಕ್ಕೇ ಇದೆಯೇ ಎಂದು ವಿಚಾರಿಸಿದರು. ಪೂರ್ವಕ್ಕೆ ಇದ್ದದ್ದು ಮೂರ್ತಿ ಸಾರ್ ಕುರ್ಚಿ. ಅವರು ಆ ದಿನವೆಲ್ಲ ನಿಂತೇ ಇಡೀ ಭಾರತ ಸುತ್ತಿದರು.

'ಏನ್ರೀ ಇದು, ಟ್ರಾವೆಲ್ಸೋ ಧರ್ಮಛತ್ರಾನೋ?'

'ಎಕ್ಸ್‌ಪೀರಿಯೆನ್ಸ್ ಸಾರ್' ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಮಾಲೀಕರಿಗೆ ತಿರುಗಿ ಉತ್ತರ ಕೊಟ್ಟದ್ದು ಅದೊಂದೇ ಸಲ.

ಅಮಾವಾಸ್ಯೆಯ ಸಂಜೆ ಎಲ್ಲರೂ ತಮ್ಮ ತಮ್ಮ ಗಂಟು ಎತ್ತಿಕೊಂಡು ಬಸ್ಸು ಹತ್ತಿದರು, ಪಯಣ 'ಮುಂದುವರಿಸಿದರು'. ಡ್ರೈವರ್ ಮಾತ್ರ ಯಾವ ಹಿಂಬಾಗಿಲನ್ನೂ ನಂಬದೆ ಬಸ್ಸಿನ ಮುಂದೆ ಒಂದು ಬೂದುಗುಂಬಳ ಒಡೆದ.

ಬಿದಿಗೆಯ ಬೆಳಿಗ್ಗೆ ಆರೂವರೆಗೆ ದಡದಲ್ಲಿ ನಿಂತಾಗ ನನ್ನ ಜೇಬಿನಲ್ಲಿ ಆ ಮೂರು ಪುಟದ ಪಟ್ಟಿ ಇತ್ತು. ಸಮುದ್ರ ದೂರ ಸರಿದಿತ್ತು. ಹಿಂದಿನ ಸಲ ನೀರಿನಲ್ಲಿದ್ದ ಬಂಡೆಗಳು ಸೊಂಟದವರೆಗೆ ಹೊರಬಂದು, ಸ್ನಾನ ಮುಗಿಸಿದವರ ಹಾಗೆ ನೀರಿಳಿಸುತ್ತ ನಿಂತಿದ್ದವು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹನ್ನೆರಡು ಜನ ಮೂರು ಪಾತಿಗಳಲ್ಲಿ. ಮೊದಲನೆಯದರಲ್ಲಿ ಹಮ್ಮಣ್ಣ, ಪುಟ್ಟತಾಯಮ್ಮ, ಬಸವರಾಜ, ಇನ್ನಿಬ್ಬರು, ಮತ್ತು ಕೊನೆಯಲ್ಲಿ ನಾನು. ಯಾರೂ ರೊಟೇಷನ್ ಕೇಳಲಿಲ್ಲ.

ಗುಹೆ ಬಾಯಿ ತೆರೆದಿತ್ತು. ಅಗಲಕ್ಕೆ ನಮ್ಮ ಬಸ್ಸು ಅಡ್ಡಡ್ಡ ಹೋಗುವಷ್ಟು. ಎತ್ತರಕ್ಕೆ ಒಂದು ಎಮ್ಮೆಯೂ ಹೋಗದಷ್ಟು.

ಹಮ್ಮಣ್ಣ ಒಳಗೆ ಹೋಗಲಿಲ್ಲ. ಹುಟ್ಟು ತಡೆಹಿಡಿದು ಸಮುದ್ರದ ಕಡೆ ನೋಡುತ್ತ ಕೂತ. ಐದು ನಿಮಿಷ. ನನಗೆ ಐದು ಸೀಸನ್ ಅನ್ನಿಸಿತು.

'ಹೋಗೋಣ್ವಾ ಹಮ್ಮಣ್ಣ? ನೀರು ಏರಿಬಿಟ್ರೆ?'

'ದೊಡ್ಡ ಮೂರು ಬರೂಕಿದೆ. ಅವು ಹೋಗ್ಲಿ.'

'ಬರ್ದೇ ಹೋದ್ರೆ?'

'ಬರ್ತವೆ ವಡ್ಯಾ. ಅವು ನಿಮ್ಮ ಬಸ್ಸಲ್ಲ.'

ಬಂದವು. ಒಂದು, ಎರಡು, ಮೂರು. ಮೂರೂ ಅಲೆಗಳು ಗುಹೆಯೊಳಗೆ ಹೋಗಿ ಗುಡುಗಿ ಹಿಂತಿರುಗಿದವು. ಆಮೇಲೆ ನೀರು ಉಸಿರು ಹಿಡಿದಂತೆ ನಿಂತಿತು. 'ಎಲ್ಲ ಮಲಗಿ! ತಲೆ ಎತ್ತಬೇಡಿ!' ಎಂದ ಹಮ್ಮಣ್ಣ. ಒಬ್ಬರ ಮಡಿಲಿಗೆ ಇನ್ನೊಬ್ಬರು ತಲೆಯಿಟ್ಟು ಒರಗಿದೆವು. ಪುಟ್ಟತಾಯಮ್ಮನ ತಲೆ ಬಸವರಾಜನ ಮಡಿಲಲ್ಲಿತ್ತು. 'ಅಜ್ಜೀ, ನಮ್ಮವ್ವಗ ಹೇಳಬ್ಯಾಡ್ರಿ' ಎಂದ ಅವನು. ಹುಟ್ಟು ಎರಡು ಸಲ ನೀರು ಸೀಳಿತು. ತಂಪು ಮುಖಕ್ಕೆ ತಾಗಿತು. ಮೇಲಿನಿಂದ ಹನಿಯೊಂದು ಹಣೆಯ ಮೇಲೆ ಬಿತ್ತು. ಸಮುದ್ರದ ಸದ್ದು ದೂರವಾಗಿ, ಮಡಕೆಯೊಳಗೆ ಕಿವಿಯಿಟ್ಟಂತೆ ಆಯಿತು. ಯಾರೋ ದೀರ್ಘವಾಗಿ ಉಸಿರೆಳೆದರು. 'ಅಯ್ಯೋ ನನ್ನಪ್ಪನೇ' ಎಂದರು ಪುಟ್ಟತಾಯಮ್ಮ, ತೀರಾ ಮೆಲ್ಲಗೆ. ಮತ್ತೆ ಹುಟ್ಟಿನ ಸದ್ದು, ಮತ್ತೆ ಬೆಚ್ಚನೆ ಗಾಳಿ, ಹೊರಗೆ.

ಹೀಗೆ ಮೂರೂ ಪಾತಿಗಳು ಒಳಗೆ ಹೋಗಿ ಬಂದವು. ಹನ್ನೆರಡಕ್ಕೆ ಹನ್ನೆರಡೂ ತಲೆ. ಬಿಪಿ ಅದರ ಜಾಗದಲ್ಲಿ, ಉಪ್ಪಿಟ್ಟು ಅದರ ಜಾಗದಲ್ಲಿ. ದಡದಲ್ಲಿ ಹಮ್ಮಣ್ಣ ಬೀಡಿ ಹಚ್ಚಿ, 'ಈ ಸಲ ಪಂಚಾಂಗ ಸರಿ ನೋಡಿದ್ರಿ' ಎಂದ. ಅದು ನನ್ನ ವೃತ್ತಿಜೀವನದ ಅತಿದೊಡ್ಡ ಪ್ರಶಸ್ತಿ.

ಬಸ್ಸು ಘಟ್ಟ ಹತ್ತುವಾಗ ಮೂರ್ತಿ ಸಾರ್ ಫೋನ್ ಮಾಡಿದರು. ಗುಂಪಿನಲ್ಲಿ ಆಗಲೇ ಹೊಗಳಿಕೆ ಬಂದು ಬಿದ್ದಿತ್ತು. ಆದರೆ ಕತ್ತಲಲ್ಲಿ ತೆಗೆದ ಫೋಟೋಗಳಲ್ಲಿ ಬರೀ ಕಿತ್ತಳೆ ಮಸುಕು. 'ಬ್ರೋಷರ್‌ಗೆ ಬರವಣಿಗೆ ಬೇಕು ರೀ. ಒಳಗೆ ಹೆಂಗಿತ್ತು ಅಂತ ಹತ್ತು ಸಾಲು ಬರ್ಕೊಂಡು ಬನ್ನಿ.'

ನಾನು ಎದ್ದು ಹೋಗಿ ಪುಟ್ಟತಾಯಮ್ಮನ ಪಕ್ಕ ಕೂತೆ.

'ಅಮ್ಮ, ಗುಹೆ ಹೇಗಿತ್ತು ಹೇಳಿ.'

'ನೀನೂ ಇದ್ಯಲ್ಲಪ್ಪ ದೋಣೀಲಿ?'

'ಇದ್ದೆ. ನಿಮ್ಮ ಬಾಯಲ್ಲಿ ಕೇಳೋಣ ಅಂತ.'

ಆಕೆ ಕಿಟಕಿಯಾಚೆ ನೋಡುತ್ತ ಹೇಳಿದರು. 'ನಮ್ಮನೇಲಿ ಹಗೇವು ಇತ್ತು ಕಣಪ್ಪ. ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬೋದು. ಬಾಯಿ ಸಣ್ಣದು, ಒಳಗೆ ಮನೆಯಷ್ಟಗಲ. ರಾಗಿ ತೆಗೆಯೋಕೆ ಇಳಿಯೋಕ್ ಮುಂಚೆ ನಮ್ಮತ್ತೆ ಹಗ್ಗದಲ್ಲಿ ದೀಪ ಇಳಿಬಿಡೋರು, ಒಳಗೆ ಗಾಳಿ ಸರಿಗೈತಾ ಅಂತ ನೋಡೋಕೆ. ದೀಪ ಆರ್ದೆ ಕೆಳಗಡೆ ತಂಕ ಹೋದ್ರೆ ಗೋಡೆಯೆಲ್ಲ ಚಿನ್ನದಂಗೆ ಆಗೋದು. ನಾನು ಹೊಸ ಸೊಸೆ, ಬಗ್ಗಿ ಬಗ್ಗಿ ನೋಡ್ತಿದ್ದೆ. ಇಲ್ಲೂ ಅಂಗೇಯ. ಮೇಲ್ಗಡೆ ಬಂಡೇಲಿ ಒಂದು ತೂತು. ಅಲ್ಲಿಂದ ಬಿಸಿಲು ಇಳಿಬಿಟ್ಟವ್ರೆ ಯಾರೋ. ನೀರೊಳಗೆ ಹೋಗಿ ತಳದಲ್ಲಿ ಕೂತೈತೆ ಬೆಳಕು. ಹಸುರಂದ್ರೆ ಹಸುರು. ಆ ಹಗೇವಿನ ಮೇಲೆ ಈಗ ಬಾಡಿಗೆಯೋರ ಕಾರು ನಿಲ್ಲುತ್ತೆ. ಇನ್ನೊಂದ್ ಸಲ ನೋಡ್ತೀನಿ ಅಂದ್ಕಂಡಿರ್ಲಿಲ್ಲ.'

ಒಂದಕ್ಷರ ಬಿಡದೆ ಬರೆದುಕೊಂಡೆ. ಬ್ರೋಷರಿನಲ್ಲಿ ಬಂತು. ಮುಂದಿನ ಸೀಸನ್ನಿನ ಅಮಾವಾಸ್ಯೆಗಳೆಲ್ಲ ತುಂಬಿಹೋದವು. ಬುಧವಾರಗಳಂದು ಮೂರ್ತಿ ಸಾರ್ ನಿಲ್ಲುವುದನ್ನು ರೂಢಿ ಮಾಡಿಕೊಂಡರು.

ಬಡ್ತಿಯ ವಿಷಯ ಇಂಥ ಬರಹದಲ್ಲಿ ಬರೆಯಬಾರದು ಎಂದುಕೊಂಡಿದ್ದೆ, ಆದರೆ ಇದನ್ನು ಬರೆಯದೆ ವಿಧಿಯಿಲ್ಲ. ಸೋತಿದ್ದರೆ ನನ್ನನ್ನು ಕೌಂಟರಿಗೆ ಹಾಕುತ್ತಿದ್ದರು. ಗೆದ್ದದ್ದರಿಂದ ಕೌಂಟರಿನ ಹಿಂದಿನ ಕೋಣೆಗೆ ಹಾಕಿದರು. 'ಇಷ್ಟು ಚೆನ್ನಾಗಿ ಗುಹೆ ನೋಡಿರೋರು ನಮ್ಮಲ್ಲಿ ಇನ್ಯಾರಿದ್ದಾರೆ ರೀ? ಹೊಸಬರಿಗೆ ನೀವೇ ಟ್ರೈನಿಂಗ್ ಕೊಡಿ' ಎಂದರು ಮೂರ್ತಿ ಸಾರ್. ಆಮೇಲೆ ನಿವೃತ್ತಿಯವರೆಗೂ ನಾನು ಆ ಕೋಣೆಯಲ್ಲಿ ಕೂತು, ಬೆಳಕು ಹೇಗೆ ಇಳಿಯುತ್ತದೆ, ನೀರು ಎಂಥ ಹಸಿರು ಎಂದು ಹುಡುಗರಿಗೆ ವರ್ಣಿಸಿದೆ. ಒಬ್ಬಿಬ್ಬರು ಹೋಗಿ ಬಂದು, 'ಸಾರ್, ನೀವು ಹೇಳಿದ ಹಾಗೇ ಇದೆ' ಎಂದು ಕೈ ಕುಲುಕಿದರು. 'ಮತ್ತೆ!' ಎಂದೆ ನಾನು.

ಆ ಬೆಳಿಗ್ಗೆ ತಪ್ಪಿದ್ದು ಒಂದೇ ಒಂದು, ಅದೂ ಸಣ್ಣದು. ಹಮ್ಮಣ್ಣ ಮಲಗಿ ಎಂದಾಗ ನಾನು ಕಣ್ಣು ಮುಚ್ಚಿದೆ. ತೆರೆದದ್ದು ಹೊರಗೆ ಬಂದ ಮೇಲೆ.